ಚಿಲುಮೆ ಬಿಟ್ಟು ಹನಿಗೆ ಬರುವವರಿಗೆ

ವಿಜಯಪುರದ ಓಣಿಗಳಲ್ಲಿ ಟಿಂಚರ್ ಅಂದ ಕೂಡಲೇ ನೆನಪಾಗುವುದು ಮೊಣಕಾಲು. ಸೈಕಲ್ಲಿನಿಂದ ಬಿದ್ದು ತರಚಿಸಿಕೊಂಡ ಜಾಗಕ್ಕೆ ಹತ್ತಿಯಲ್ಲಿ ಅದ್ದಿ ಒತ್ತುವ ಕಂದು ಬಣ್ಣದ ಔಷಧ, ಚುರ್ ಎನ್ನುವ ಉರಿ, "ಏನೂ ಆಗಂಗಿಲ್ಲ, ಸುಮ್ಕಿರು" ಎನ್ನುವ ಅವ್ವ. ಹೋಮಿಯೋಪಥಿ ನಂಬಿದ ಮನೆಗಳಲ್ಲಿ ಮದರ್ ಟಿಂಚರ್ ಎಂಬ ಹೆಸರೂ ಬಳಕೆಯಲ್ಲಿದೆ. ಎರಡರಲ್ಲೂ ಅರ್ಥ ಒಂದೇ, ಔಷಧದ ಸತ್ವವನ್ನು ಸ್ಪಿರಿಟ್ಟಿನಲ್ಲಿ ಇಳಿಸಿದ್ದು. ಗಾಂಜಾ ಟಿಂಚರ್ ಅಂದರೂ ಅಷ್ಟೇ. ಈಗೀಗ ಎಣ್ಣೆಯಲ್ಲಿ ಇಳಿಸಿದ್ದನ್ನೂ ಅದೇ ಹೆಸರಿನಲ್ಲಿ ಕರೆಯುತ್ತಾರೆ. ಗಾಜಿನ ಸಣ್ಣ ಬಾಟಲಿ, ರಬ್ಬರ್ ತಲೆಯ ಡ್ರಾಪರ್, ನಾಲಗೆಯ ಕೆಳಗೆ ನಾಲ್ಕು ಹನಿ.

ಕೆನಡಾದಲ್ಲೋ ಅಮೆರಿಕದಲ್ಲೋ ಇರುವ ತಮ್ಮಂದಿರ ಫೋನಿನಿಂದ ಈ ಸುದ್ದಿ ನಮ್ಮ ಕಡೆಗೂ ಬಂದಿದೆ. ಕೆಮ್ಮಿ ಕೆಮ್ಮಿ ಎದೆ ಕೆಟ್ಟವರಿಗೆ ಅದು ಹಿತವಾಗಿಯೇ ಕೇಳಿಸುತ್ತದೆ: "ಸೇದೂದ ಬ್ಯಾಡ, ಹನಿ ಹಾಕ್ಕೊಂಡ್ರ ಆತು." ಮಾತು ಅರ್ಧ ನಿಜ. ಸುಟ್ಟ ಸೊಪ್ಪಿನ ಟಾರು, ಕಾರ್ಬನ್ ಮಾನಾಕ್ಸೈಡು ಎದೆಗೆ ಹೋಗುವುದು ತಪ್ಪುತ್ತದೆ. (ಚಿಲುಮೆಯ ಬಾಯಿಗೆ ಸುತ್ತುವ ಒದ್ದೆ ಸಾಫಿ ಇದನ್ನು ತಡೆಯುತ್ತದೆ ಎಂಬ ನಂಬಿಕೆ ಜಾತ್ರೆಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಬಟ್ಟೆ ಹೊಗೆಯನ್ನು ತಣ್ಣಗೆ ಮಾಡುತ್ತದೆ, ಕೆಂಡದ ಕಿಡಿ ಹಿಡಿಯುತ್ತದೆ. ಕಾರ್ಬನ್ ಮಾನಾಕ್ಸೈಡು ಅದರಲ್ಲಿ ನಿಲ್ಲುವ ವಸ್ತುವಲ್ಲ.) ಆದರೆ ಹೊಗೆಯ ಜತೆಗೆ ಇನ್ನೊಂದು ಸಂಗತಿಯೂ ಹೊರಟುಹೋಗುತ್ತದೆ. ಸಾಕು ಎಂದು ಮೈ ತಾನಾಗಿ ಹೇಳುವ ಸೂಚನೆ ಅದು. ಹನಿಯಲ್ಲಿ ಆ ಕೆಲಸವನ್ನು ಅಳತೆ ಮತ್ತು ಗಡಿಯಾರ ಮಾಡಬೇಕು. ಬಹಳ ಜನ ಎಡವುವುದು ಅಲ್ಲೇ.

ಕಾನೂನಿನ ಮಾತನ್ನು ಮೊದಲೇ ಆಡಿಬಿಡಬೇಕು, ಏಕೆಂದರೆ ಇಲ್ಲಿ ಟಿಂಚರ್ ಎಂಬ ಶಬ್ದಕ್ಕೇ ಒಂದು ತೊಡಕಿದೆ. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆ ಗಾಂಜಾ ಎಂದು ಕರೆಯುವುದು ಗಿಡದ ಹೂ-ಕಾಯಿಯ ತುದಿಗಳನ್ನು. ತುದಿಯ ಜತೆಗಿಲ್ಲದ ಎಲೆ ಮತ್ತು ಬೀಜ ಆ ವ್ಯಾಖ್ಯೆಯ ಹೊರಗೆ ಉಳಿಯುತ್ತವೆ. ಭಂಗಿ ಸೊಪ್ಪಿನ ವಿಚಾರ ರಾಜ್ಯಗಳ ಅಬಕಾರಿ ಕಾನೂನಿಗೆ ಬರುವುದು ಹಾಗಾಗಿ. ಆದರೆ ಅದೇ ಕಾಯ್ದೆಯ 2ನೇ ಕಲಮಿನಲ್ಲಿ ಗಾಂಜಾದ "ಯಾವುದೇ ಸತ್ವ ಅಥವಾ ಟಿಂಚರ್" ಅನ್ನು ಬೇರೆಯಾಗಿ ಹೆಸರಿಸಿ, ಅದನ್ನು ತಯಾರಿಸಿದ ಮಾದಕ ವಸ್ತುಗಳ ಸಾಲಿಗೆ, ಅಂದರೆ ಅಫೀಮಿನಿಂದ ತೆಗೆದ ವಸ್ತುಗಳ ಪಕ್ಕಕ್ಕೆ ಸೇರಿಸಿದ್ದಾರೆ. ಅದಕ್ಕೆ ಶಿಕ್ಷೆ ಹೇಳುವುದು 21ನೇ ಕಲಮು. ಹೊರದೇಶದಿಂದ ಬ್ಯಾಗಿನಲ್ಲಿ ತಂದರೆ ಅದು ಆಮದು, ಅದಕ್ಕೆ 23ನೇ ಕಲಮು. "ಅಲ್ಲಿ ಅಂಗಡಿಯೊಳಗ ಬಿಲ್ ಕೊಟ್ಟು ತಗೊಂಡೇನಿ" ಎಂಬ ಚೀಟಿ ಇಲ್ಲಿಯ ಕಸ್ಟಮ್ಸ್ ಮುಂದೆ ನಡೆಯುವುದಿಲ್ಲ. ವೇಪ್ ಕತೆ ಇನ್ನೂ ಚಿಕ್ಕದು. 2019ರ ಇ-ಸಿಗರೇಟ್ ನಿಷೇಧ ಕಾಯ್ದೆ ನಿಕೋಟಿನ್ ಇರಲಿ ಇಲ್ಲದಿರಲಿ, ಯಾವುದೇ ಪದಾರ್ಥವನ್ನು ಕಾಯಿಸಿ ಉಸಿರಿಗೆ ಆವಿ ಕೊಡುವ ವಿದ್ಯುತ್ ಸಾಧನಗಳ ತಯಾರಿ, ಆಮದು, ಮಾರಾಟ ಎಲ್ಲವನ್ನೂ ನಿಲ್ಲಿಸಿದೆ.

ಹಾಗಾದರೆ ಇಲ್ಲಿ ಕಾನೂನಿನೊಳಗೆ ಸಿಗುವುದು ಏನು? ಆಯುರ್ವೇದದ ವಿಜಯಾ. ವಿಜಯಪುರದವರಿಗೆ ಹೆಸರು ಕೇಳಿ ನಗು ಬರಬಹುದು, ಆದರೆ ಶಾಸ್ತ್ರಗಳಲ್ಲಿ ಭಂಗಿಗೆ ಇರುವ ಹೆಸರೇ ಅದು. ಔಷಧ ನಿಯಮಗಳ ಇ(1) ಅನುಸೂಚಿಯಲ್ಲಿ, ವಿಷದ್ರವ್ಯಗಳ ಪಟ್ಟಿಯಲ್ಲಿ, ಭಂಗಿ ಇದೆ. ಆ ಪಟ್ಟಿಯ ದ್ರವ್ಯವಿರುವ ಹೊಟ್ಟೆಗೆ ತಗೊಳ್ಳುವ ಔಷಧದ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲೇ ತೆಗೆದುಕೊಳ್ಳಬೇಕು ಎಂಬ ಎಚ್ಚರಿಕೆ ಇರಲೇಬೇಕು. ಎಲೆಯ ಸತ್ವದ ಎಣ್ಣೆ ಹನಿಗಳನ್ನು ಪರವಾನಗಿ ಪಡೆದ ಕಂಪನಿಗಳು ವೈದ್ಯರ ಚೀಟಿಯ ಮೇಲೆ ಮಾರುತ್ತವೆ. ಮುಂದೆ ಬರುವ ಲೆಕ್ಕವೆಲ್ಲ ಅಂಥ ಬಾಟಲಿಗೂ ಟೊರೊಂಟೊದ ಅಂಗಡಿಯ ಬಾಟಲಿಗೂ ಒಂದೇ.

ಹೊಗೆಯ ಗಡಿಯಾರ ಹೀಗಿದೆ. ದಮ್ಮು ಎಳೆದ ಕೆಲವೇ ನಿಮಿಷದಲ್ಲಿ ಗಾಂಜಾದ ಅಮಲಿನ ವಸ್ತುವಾದ ಟಿಎಚ್‌ಸಿ ಮಿದುಳಿಗೆ ಮುಟ್ಟುತ್ತದೆ, ಅರ್ಧ ತಾಸಿನೊಳಗೆ ಏರುವಷ್ಟು ಏರುತ್ತದೆ, ಎರಡು-ಮೂರು ತಾಸಿನಲ್ಲಿ ಬಹಳಷ್ಟು ಇಳಿದಿರುತ್ತದೆ. ಹೆಚ್ಚಾಯಿತು ಅನ್ನಿಸಿದರೆ ಚಿಲುಮೆಯನ್ನು ಪಕ್ಕದವನಿಗೆ ದಾಟಿಸಿದರೆ ಮುಗಿಯಿತು. ನುಂಗಿದ್ದಕ್ಕೆ ದಾರಿಯೇ ಬೇರೆ. ಹೊಟ್ಟೆ, ಕರುಳು ದಾಟಿ ಮೊದಲು ಯಕೃತ್ತಿಗೆ ಹೋಗಬೇಕು. ಅಲ್ಲಿ ಒಂದಿಷ್ಟು ಟಿಎಚ್‌ಸಿ 11-ಹೈಡ್ರಾಕ್ಸಿ-ಟಿಎಚ್‌ಸಿ ಎಂಬ ರೂಪಕ್ಕೆ ತಿರುಗುತ್ತದೆ. ಅದೂ ಮಿದುಳಿಗೆ ಸುಲಭವಾಗಿ ಹೋಗುತ್ತದೆ, ಅಮಲು ಕೊಡುತ್ತದೆ. ಸೇದಿದಾಗ ಈ ರೂಪ ಸ್ವಲ್ಪವೇ ಇರುತ್ತದೆ, ನುಂಗಿದಾಗ ಬಹಳ. ಶುರುವಾಗಲು ಅರ್ಧ ತಾಸಿನಿಂದ ಎರಡು ತಾಸು, ಏರಿಕೆ ಎರಡರಿಂದ ನಾಲ್ಕು ತಾಸಿಗೆ, ಇಳಿಯಲು ಆರರಿಂದ ಎಂಟು ತಾಸು, ಕೆಲವರಿಗೆ ಇನ್ನೂ ಹೆಚ್ಚು. ಹೋಳಿಯ ಹೊತ್ತಿಗೆ ಬಾಗಲಕೋಟೆಯಲ್ಲಿ ಬಣ್ಣದ ಬಂಡಿಗಳು ಬೀದಿಗಿಳಿದಾಗ ಭಂಗಿ ಬೆರೆಸಿದ ಥಂಡಾಯಿ ಕುಡಿದು ಸಂಜೆಯ ತನಕ ಮಲಗಿದವರನ್ನು ಕಂಡವರಿಗೆ ಈ ಅಂಕಿಗಳು ಹೊಸವಲ್ಲ.

ನಾಲಗೆಯ ಕೆಳಗಿನ ಹನಿ ಈ ಎರಡರ ನಡುವೆ ಬರುತ್ತದೆ. ಅಲ್ಲಿಯ ಪೊರೆ ತೆಳು, ರಕ್ತನಾಳ ಹತ್ತಿರ, ಯಕೃತ್ತಿನ ಸುತ್ತು ತಪ್ಪಿಸಿ ಒಂದು ಪಾಲು ನೇರ ರಕ್ತಕ್ಕೆ ಹೋಗುತ್ತದೆ. ಒಂದು ಪಾಲು ಮಾತ್ರ. ಬಾಯಲ್ಲಿ ಎಣ್ಣೆ ಬಿದ್ದರೆ ಜೊಲ್ಲು ಬರದೆ ಇರುವುದಿಲ್ಲ, ಜೊಲ್ಲು ಬಂದರೆ ನುಂಗದೆ ಇರಲಾಗುವುದಿಲ್ಲ. ಹೀಗಾಗಿ ಒಂದೇ ಅಳತೆ ಎರಡು ಅಲೆಯಾಗಿ ಬರುತ್ತದೆ. ಬಾಯಿಂದ ಹೋದದ್ದು ಇಪ್ಪತ್ತು-ನಲವತ್ತು ನಿಮಿಷಕ್ಕೆ, ನುಂಗಿದ್ದು ಒಂದೂವರೆ-ಎರಡು ತಾಸಿಗೆ. ಟಿಂಚರಿನ ಎಷ್ಟೋ ಅನಾಹುತಗಳು ಹುಟ್ಟುವುದು ಈ ಎರಡು ಅಲೆಗಳ ನಡುವಿನ ಬಿಡುವಿನಲ್ಲೇ. ಮೊದಲ ಅಲೆ ಸಪ್ಪೆ ಅನಿಸುತ್ತದೆ. "ಏನೂ ಆಗವಲ್ದು, ಇನ್ನೊಂದೀಟ್ ಹಾಕಲೇ" ಎಂದು ಇನ್ನೊಂದು ಡ್ರಾಪರ್ ಬಾಯಿಗೆ ಹೋಗುತ್ತದೆ. ಅದರ ಮೊದಲ ಅಲೆ ಬರುವ ಹೊತ್ತಿಗೆ ಸರಿಯಾಗಿ ಹಿಂದಿನದರ ಎರಡನೆಯ ಅಲೆ ಎದ್ದಿರುತ್ತದೆ. ಆದ್ದರಿಂದ ಅವತ್ತಿಗೆ ಒಂದೇ ಅಳತೆ. ಸಾಲದಿದ್ದರೆ ನಾಳೆ ಸ್ವಲ್ಪ ಹೆಚ್ಚಿಸುವುದು. ಇದಕ್ಕೆ ರಿಯಾಯಿತಿ ಇಲ್ಲ.

ಇನ್ನು ಅಳತೆ. ಬಾಟಲಿಯ ಮೇಲೆ 30 ಮಿ.ಲೀ., 300 ಮಿ.ಗ್ರಾಂ. ಟಿಎಚ್‌ಸಿ ಎಂದಿದ್ದರೆ ಒಂದು ಮಿ.ಲೀ.ಗೆ 10 ಮಿ.ಗ್ರಾಂ. ಹೊಸಬರಿಗೆ ಸಾಮಾನ್ಯವಾಗಿ ಹೇಳುವ ಮೊದಲ ಅಳತೆ 2.5 ಮಿ.ಗ್ರಾಂ., ಅಂದರೆ ಕಾಲು ಮಿ.ಲೀ. ವಯಸ್ಸಾದವರಿಗೆ, ಸಣಕಲು ಮೈಯವರಿಗೆ ಅದರಲ್ಲೂ ಅರ್ಧ. ಮೊದಲು ನೋಡಬೇಕಾದದ್ದು ಆ 300 ಯಾವುದರದು ಎಂಬುದನ್ನು. ಇಡೀ ಸತ್ವದ್ದೋ, ಸಿಬಿಡಿಯದೋ (ಗಾಂಜಾದ್ದೇ ಇನ್ನೊಂದು ವಸ್ತು, ಅಮಲು ಕೊಡದ್ದು), ಟಿಎಚ್‌ಸಿಯದೋ? ನಮ್ಮಲ್ಲಿಯ ಬಾಟಲಿಗಳ ಮೇಲೆ ಎಷ್ಟೋ ಸಲ "ವಿಜಯಾ ಸತ್ವ ಇಷ್ಟು ಮಿ.ಗ್ರಾಂ." ಎಂದಷ್ಟೇ ಇರುತ್ತದೆ. ಅದರೊಳಗೆ ಟಿಎಚ್‌ಸಿ ಎಷ್ಟು ಎಂಬುದು ಪ್ರಯೋಗಾಲಯದ ವರದಿಯಲ್ಲಿರುತ್ತದೆ. ಆ ವರದಿ ಕೇಳಿದರೆ ಕೊಡದ ಬಾಟಲಿಯನ್ನು ಅಂಗಡಿಯಲ್ಲೇ ಬಿಟ್ಟುಬರುವುದು ಒಳಿತು.

ಹನಿ ಎಣಿಸುವುದನ್ನಂತೂ ನಂಬಲೇಬಾರದು. ನೀರಾದರೆ ಒಂದು ಮಿ.ಲೀ.ಗೆ ಸುಮಾರು ಇಪ್ಪತ್ತು ಹನಿ. ಸ್ಪಿರಿಟ್ಟಿನ ಹನಿ ಸಣ್ಣದು, ಅಷ್ಟೇ ಮಿ.ಲೀ.ಗೆ ಬಹಳ ಹೆಚ್ಚು ಹನಿ ಬೀಳುತ್ತವೆ. ಎಣ್ಣೆಯದು ಬೇರೆ ಲೆಕ್ಕ, ಅದೂ ಡ್ರಾಪರಿನ ತುದಿಯ ಅಗಲಕ್ಕೆ ತಕ್ಕಂತೆ ಬದಲಾಗುತ್ತದೆ. ಮೆಡಿಕಲ್ ಶಾಪಿನಲ್ಲಿ ಒಂದು ಮಿ.ಲೀ. ಸಿರಿಂಜ್ ಕೆಲವೇ ರೂಪಾಯಿಗೆ ಸಿಗುತ್ತದೆ. ಸೂಜಿ ತೆಗೆದು ಇಟ್ಟುಕೊಂಡರೆ ನೂರನೇ ಒಂದು ಭಾಗದವರೆಗೆ ಗೆರೆ ಇರುತ್ತದೆ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಇನ್ಸುಲಿನ್ ಸಿರಿಂಜ್ ಕೈಗೆ ಸಿಗುವುದು ಸಹಜ, ಅಲ್ಲೇ ಮೋಸ ಹೋಗುವುದು. ಕೆಂಪು ಟೋಪಿಯ ಯು-40ರಲ್ಲಿ 40 ಗೆರೆಗೆ ಒಂದು ಮಿ.ಲೀ., ಕಿತ್ತಳೆ ಟೋಪಿಯ ಯು-100ರಲ್ಲಿ 100ಕ್ಕೆ ಒಂದು ಮಿ.ಲೀ. ಕಾಲು ಮಿ.ಲೀ. ಎಂದರೆ ಒಂದರಲ್ಲಿ 10ರ ಗೆರೆ, ಇನ್ನೊಂದರಲ್ಲಿ 25ರ ಗೆರೆ. ಯು-40 ಹಿಡಿದು 25ರವರೆಗೆ ಎಳೆದವನಿಗೆ ಎರಡೂವರೆ ಮಿ.ಗ್ರಾಂ. ಬದಲು ಆರು ಮಿ.ಗ್ರಾಂ. ಮೇಲೆ ಹೋಗಿರುತ್ತದೆ.

ಹಳೆಯ ಸೇದುಗರು ಮಾಡುವ ಲೆಕ್ಕದ ತಪ್ಪು ಇನ್ನೊಂದು. ಅರ್ಧ ಗ್ರಾಂ ಗಾಂಜಾ, ನೂರಕ್ಕೆ ಹತ್ತು ಟಿಎಚ್‌ಸಿ ಎಂದು ಹಿಡಿದರೆ 50 ಮಿ.ಗ್ರಾಂ. ಆಯಿತು. "ದಿನಾ ಅಷ್ಟ ಸೇದತೇನಿ, ಅಂದ್ರ 50 ಮಿ.ಗ್ರಾಂ. ಹನಿ ಹಾಕ್ಕೊಬೇಕು." ಉರಿಯುವಾಗ ಸುಟ್ಟುಹೋಗುವುದು, ತುದಿಯಿಂದ ಗಾಳಿಗೆ ಹೋಗುವುದು, ಉಸಿರಿನಲ್ಲಿ ವಾಪಸು ಬರುವುದು ಎಲ್ಲ ಕಳೆದರೆ ಮೈಗೆ ಹತ್ತುವುದು ಅದರ ಸಣ್ಣ ಪಾಲು, ಹತ್ತರಿಂದ ಮೂವತ್ತೈದು ಪ್ರತಿಶತದ ಆಸುಪಾಸು. ನುಂಗಿದ್ದು ಪ್ರತಿಶತದಲ್ಲಿ ಇನ್ನೂ ಕಡಿಮೆ ಹತ್ತುತ್ತದೆ ನಿಜ, ಆದರೆ ಯಕೃತ್ತಿನಿಂದ ಆ ಇನ್ನೊಂದು ರೂಪ ಜತೆಗೆ ಬರುತ್ತದೆ, ಹೊತ್ತು ಮೂರು ಪಟ್ಟು ಉದ್ದವಾಗುತ್ತದೆ. ಎಷ್ಟೇ ಹಳಬರಾದರೂ ಎರಡೂವರೆ, ಹೆಚ್ಚೆಂದರೆ ಐದು ಮಿ.ಗ್ರಾಂ.ನಿಂದಲೇ ಶುರು ಮಾಡಬೇಕು. ಹೋಲಿಕೆಗೆ ನೋಡಿ: ಬ್ರಿಟನ್, ಕೆನಡಾಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳ ಸ್ನಾಯು ಬಿಗಿತಕ್ಕೆ ಕೊಡುವ ಸೇಟಿವೆಕ್ಸ್ ಎಂಬ ಬಾಯಿಯ ಸ್ಪ್ರೇಯ ಒಂದು ಒತ್ತಿಗೆ ಟಿಎಚ್‌ಸಿ 2.7, ಸಿಬಿಡಿ 2.5 ಮಿ.ಗ್ರಾಂ. ಅದನ್ನೂ ದಿನಗಟ್ಟಲೆ ಒಂದೊಂದೇ ಒತ್ತು ಹೆಚ್ಚಿಸುತ್ತ ಹೋಗುತ್ತಾರೆ.

ಹಾಕಿಕೊಳ್ಳುವ ಕ್ರಮ ಹೇಳಿದಷ್ಟು ಸುಲಭವಲ್ಲ. ಬಾಟಲಿ ಅಲುಗಾಡಿಸಿ, ಸಿರಿಂಜಿಗೆ ಎಳೆದು, ಗಾಳಿಗುಳ್ಳೆ ಹೊರಡಿಸಿ, ನಾಲಗೆ ಮೇಲಕ್ಕೆತ್ತಿ ಅದರ ಬುಡದ ಪಕ್ಕಕ್ಕೆ ಬಿಡಬೇಕು. ಒಂದರಿಂದ ಎರಡು ನಿಮಿಷ ಮಾತಿಲ್ಲ, ನುಂಗುವುದಿಲ್ಲ. ಸ್ಪಿರಿಟ್ಟಿನದಾದರೆ ಉರಿಯುತ್ತದೆ. ದಿನವೂ ಒಂದೇ ಜಾಗಕ್ಕೆ ಬಿಟ್ಟರೆ ಪೊರೆ ಬೆಳ್ಳಗಾಗಿ ಸುಲಿಯುತ್ತದೆ, ಒಮ್ಮೆ ಎಡ, ಒಮ್ಮೆ ಬಲ, ಒಮ್ಮೆ ಕೆನ್ನೆಯ ಒಳಗೆ ಎಂದು ಜಾಗ ಬದಲಿಸಬೇಕು. ನಮ್ಮ ಕಡೆ ಇದಕ್ಕೆ ಇನ್ನೊಂದು ತೊಡಕು ಗುಟಕಾ. ವರ್ಷಗಟ್ಟಲೆ ಅಗಿದು ಒಳಗೆಲ್ಲ ಗಡುಸಾಗಿ, ಎರಡು ಬೆರಳು ತೂರದಷ್ಟು ಬಾಯಿ ಬಿಗಿದವರಿಗೆ ಸ್ಪಿರಿಟ್ಟಿನ ಹನಿ ಬೇಡವೇ ಬೇಡ. ಅವರು ಮೊದಲು ದಂತವೈದ್ಯರ ಹತ್ತಿರ ಹೋಗಬೇಕು.

ಊಟವೂ ಲೆಕ್ಕಕ್ಕೆ ಬರುತ್ತದೆ. ಈ ವಸ್ತುಗಳೆಲ್ಲ ಕೊಬ್ಬಿನಲ್ಲಿ ಕರಗುವಂಥವು. ಅಪಸ್ಮಾರಕ್ಕೆ ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಪಡೆದ ಎಪಿಡಿಯೋಲೆಕ್ಸ್ ಎಂಬ ಸಿಬಿಡಿ ದ್ರಾವಣವನ್ನು (ಅದು ಎಳ್ಳೆಣ್ಣೆಯಲ್ಲಿ ಮಾಡಿದ್ದು) ಜಿಡ್ಡಿನ ಊಟದ ಜತೆ ಕೊಟ್ಟಾಗ ರಕ್ತಕ್ಕೆ ಸೇರುವ ಸಿಬಿಡಿ ಖಾಲಿ ಹೊಟ್ಟೆಗಿಂತ ಸುಮಾರು ನಾಲ್ಕು ಪಟ್ಟು ಏರುತ್ತದೆ. ಅಂದರೆ ನಿನ್ನೆ ಬರೀ ಹೊಟ್ಟೆಯಲ್ಲಿ ತಗೊಂಡ ಹನಿ ಇವತ್ತು ಖಡಕ್ ರೊಟ್ಟಿ, ಬೆಣ್ಣೆ, ಶೇಂಗಾ ಚಟ್ನಿಯ ಮೇಲೆ ತಗೊಂಡರೆ ಅದೇ ಹನಿಯಾಗಿ ಉಳಿಯುವುದಿಲ್ಲ. ದಿನವೂ ಒಂದೇ ಹೊತ್ತಿಗೆ, ಒಂದೇ ಬಗೆಯ ಊಟದ ನಂತರ ತಗೊಂಡು, ವಹಿಯಲ್ಲಿ ಬರೆದಿಡಬೇಕು: ತಾರೀಖು, ಗಂಟೆ, ಎಷ್ಟು ಮಿ.ಲೀ., ಏನು ತಿಂದಿದ್ದು, ಯಾವಾಗ ಶುರುವಾಯಿತು.

ಮನೆಯಲ್ಲೇ ಮಾಡಿಕೊಂಡ ಬಾಟಲಿಯ ಬಗ್ಗೆ. ಕಾನೂನನ್ನು ಒಂದು ಗಳಿಗೆ ಪಕ್ಕಕ್ಕಿಟ್ಟರೂ ಅದರ ಮುಖ್ಯ ದೋಷ ಒಂದೇ, ಅದರ ಮೇಲೆ ಅಂಕಿ ಇಲ್ಲ. ಹಸಿ ಗಿಡದಲ್ಲಿರುವುದು ಬಹುಪಾಲು ಟಿಎಚ್‌ಸಿಎ ಎಂಬ ಆಮ್ಲ, ಅದರಲ್ಲಿ ಅಮಲಿಲ್ಲ. ನೂರು ಡಿಗ್ರಿ ಮೇಲಿನ ಶಾಖಕ್ಕೆ ಅದು ನಿಧಾನವಾಗಿ ಟಿಎಚ್‌ಸಿ ಆಗುತ್ತದೆ. ಸೇದುವವನಿಗೆ ಬೆಂಕಿಯೇ ಆ ಕೆಲಸ ಮಾಡಿಕೊಡುವುದರಿಂದ ಇದು ತಲೆಗೆ ಹೊಳೆಯುವುದಿಲ್ಲ. ಭಂಗಿಯನ್ನು ನೀರು ತಿಳಿಯಾಗುವ ತನಕ ತೊಳೆದು, ಒಣಗಿಸಿ, ತುಪ್ಪದಲ್ಲಿ ಹುರಿಯಬೇಕು ಎಂಬ ಆಯುರ್ವೇದದ ಶೋಧನ ಕ್ರಮದಲ್ಲಿ ಶಾಖವೂ ಇದೆ, ಜಿಡ್ಡೂ ಇದೆ. ಹಳಬರಿಗೆ ರಸಾಯನಶಾಸ್ತ್ರದ ಹೆಸರು ಗೊತ್ತಿರಲಿಲ್ಲ ಅಷ್ಟೇ. ಕಾಯಿಸದೆ ಸ್ಪಿರಿಟ್ಟಿನಲ್ಲಿ ನೆನೆಹಾಕಿದ ಬಾಟಲಿ ಸಪ್ಪೆ, ಸರಿಯಾಗಿ ಕಾಯಿಸಿದ್ದು ಉರಿ, ಅರೆಬರೆ ಕಾಯಿಸಿದ್ದು ಎರಡರ ನಡುವೆ ಎಲ್ಲೋ. ಕಣ್ಣಿಗೆ ಮೂರೂ ಒಂದೇ ಹಸಿರು.

ಹತ್ತೊಂಬತ್ತನೇ ಶತಮಾನದ ವೈದ್ಯರು ಸೋತದ್ದೂ ಇಲ್ಲೇ. ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿದ್ದ ಐರಿಷ್ ವೈದ್ಯ ವಿಲಿಯಂ ಓಶಾನೆಸ್ಸಿ 1839ರಲ್ಲಿ ಗಾಂಜಾ ರಾಳದ ಟಿಂಚರನ್ನು ಧನುರ್ವಾಯು, ಸಂಧಿವಾತ, ಮಕ್ಕಳ ಸೆಳೆತಕ್ಕೆ ಕೊಟ್ಟು ಬರೆದ ಮೇಲೆ ಅದು ಯುರೋಪು, ಅಮೆರಿಕಗಳ ಔಷಧ ಅಂಗಡಿಗಳ ಕಪಾಟು ಸೇರಿತು. ಆದರೆ ಒಂದು ಬಾಟಲಿಯಂತೆ ಇನ್ನೊಂದು ಇರುತ್ತಿರಲಿಲ್ಲ. ಅಳೆಯಬೇಕಾದ ವಸ್ತು ಯಾವುದು ಎಂದು ಖಚಿತವಾಗಿ ಗೊತ್ತಾದದ್ದೇ 1964ರಲ್ಲಿ, ಇಸ್ರೇಲಿನ ರಫಾಯೆಲ್ ಮೆಶುಲಂ ಮತ್ತು ಯೆಹಿಯೆಲ್ ಗಾವೋನಿ ಟಿಎಚ್‌ಸಿಯನ್ನು ಬೇರ್ಪಡಿಸಿ ಅದರ ರಚನೆ ಹೇಳಿದಾಗ. ಅಷ್ಟರಲ್ಲಿ ಅಮೆರಿಕದ ಅಧಿಕೃತ ಔಷಧ ಕೋಶದಿಂದ ಅದರ ಹೆಸರು ಹೊರಗೆ ಹೋಗಿ ಇಪ್ಪತ್ತೆರಡು ವರ್ಷವಾಗಿತ್ತು.

ಅಂಕಿಯ ದೋಷಕ್ಕಿಂತ ಕೆಟ್ಟದ್ದು ಸ್ಪಿರಿಟ್ಟಿನ ದೋಷ. ಬೆಳಗಾವಿ, ಬಾಗಲಕೋಟೆಯ ಕಬ್ಬಿನ ಸೀಮೆಯಲ್ಲಿ ಕಾರ್ಖಾನೆಯ ಕಾಕಂಬಿಯಿಂದ ಸ್ಪಿರಿಟ್ ತೆಗೆಯುವುದು ಎಲ್ಲರಿಗೂ ಗೊತ್ತು. ಹಾಗಾಗಿ "ಸ್ಪಿರಿಟ್ ಅಂದ್ರ ಸ್ಪಿರಿಟ್" ಎಂಬ ಸದರ. ಪಾಲಿಶ್ ಕೆಲಸದ ಡಿನೇಚರ್ಡ್ ಸ್ಪಿರಿಟ್ಟಿನಲ್ಲಿ ಕುಡಿಯಬಾರದೆಂದೇ ಮಿಥೆನಾಲ್‌ನಂಥ ವಿಷ ಬೆರೆಸಿರುತ್ತಾರೆ. ಸರ್ಜಿಕಲ್ ಸ್ಪಿರಿಟ್, ಸ್ಯಾನಿಟೈಸರ್‌ಗಳೂ ಬಾಯಿಗೆ ಹಾಕುವ ವಸ್ತುಗಳಲ್ಲ. ಮಿಥೆನಾಲ್ ಮೈಯೊಳಗೆ ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸುಡುತ್ತದೆ. ದೃಷ್ಟಿ ಮಂಜಾಗುವುದು ಎಷ್ಟೋ ತಾಸಿನ ಮೇಲೆ, ಅಷ್ಟರೊಳಗೆ ಆಸ್ಪತ್ರೆ ಮುಟ್ಟಿದ್ದರೆ ಕಣ್ಣು ಉಳಿದೀತು. ಒಲೆಯ ಮೇಲೆ ಸ್ಪಿರಿಟ್ ಕಾಯಿಸಿ ಗಟ್ಟಿ ಮಾಡಲು ಹೋಗುವವರಿಗೆ ಬೆಂಕಿಯ ಅಪಾಯ. 78 ಡಿಗ್ರಿಗೆ ಕುದಿಯುವ ಈ ದ್ರವದ ಆವಿ ಗಾಳಿಗಿಂತ ಭಾರ, ಕಟ್ಟೆಗುಂಟ ಹರಿದು ಗ್ಯಾಸಿನ ಉರಿಯನ್ನು ತಾನಾಗಿ ಹುಡುಕಿಕೊಳ್ಳುತ್ತದೆ.

ಕೊಂಡ ಬಾಟಲಿಯೂ ಇಟ್ಟಲ್ಲಿ ಇದ್ದ ಹಾಗೆ ಇರುವುದಿಲ್ಲ. ವಿಜಯಪುರದಲ್ಲಿ ಬೇಸಿಗೆಯ ಮಧ್ಯಾಹ್ನ ನಲವತ್ತು ಡಿಗ್ರಿ ದಾಟುತ್ತದೆ. ಮುಚ್ಚಳ ಸಡಿಲವಿದ್ದರೆ ಸ್ಪಿರಿಟ್ ಹಾರಿ ಉಳಿದದ್ದು ಗಟ್ಟಿಯಾಗುತ್ತದೆ, ಅದೇ ಕಾಲು ಮಿ.ಲೀ.ಯಲ್ಲಿ ತಿಂಗಳ ಕೊನೆಗೆ ಹೆಚ್ಚು ಮಿ.ಗ್ರಾಂ. ಇರುತ್ತದೆ. ಬೆಳಕಿಗೆ, ಗಾಳಿಗೆ ಟಿಎಚ್‌ಸಿ ಕೆಟ್ಟು ಸಿಬಿಎನ್ ಎಂಬ ಬೇರೆ ವಸ್ತು ಆಗುತ್ತದೆ, ಕಂದು ಗಾಜಿನ ಬಾಟಲಿ ಅದಕ್ಕೇ. ಡ್ರಾಪರನ್ನು ಬಾಟಲಿಯಲ್ಲೇ ಬಿಟ್ಟರೆ ಸ್ಪಿರಿಟ್ಟಿನ ಆವಿಗೆ ರಬ್ಬರ್ ಉಬ್ಬಿ ಅಂಟಂಟಾಗುತ್ತದೆ. ಬೆಳಗಾವಿಯ ಚಳಿಗಾಲದಲ್ಲಿ ತೊಂದರೆ ತಿರುಗಾಮುರುಗಾ. ಕೊಬ್ಬರಿ ಎಣ್ಣೆಯಲ್ಲಿ ಮಾಡಿದ್ದು ಬೆಳಿಗ್ಗೆ ಎದ್ದು ನೋಡಿದರೆ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಬಿಸಿನೀರಿನ ಲೋಟದಲ್ಲಿ ನಿಲ್ಲಿಸಿ, ಪೂರ್ತಿ ಕರಗಿಸಿ, ಚೆನ್ನಾಗಿ ಕದಡದೆ ಎಳೆಯಬಾರದು.

ಹೆಚ್ಚಾದಾಗ ಕಾಣುವುದು ಎದೆ ಡವಡವ, ಬಾಯಿ ಒಣಗುವುದು, ಸಾಯುತ್ತೇನೆಂಬ ದಿಗಿಲು, ವಾಂತಿ, ಎದ್ದು ನಿಂತರೆ ಕಣ್ಣು ಕತ್ತಲೆ. ಮಜ್ಜಿಗೆ, ಹುಣಸೆನೀರು, ನಿಂಬೆಹುಳಿ ಎಂದು ಮನೆಮಂದಿ ಓಡಾಡುತ್ತಾರೆ. ಅದರಿಂದ ರಕ್ತದೊಳಗಿನ ಟಿಎಚ್‌ಸಿ ಕಡಿಮೆಯಾಗುವುದಿಲ್ಲ, ಅರೆಪ್ರಜ್ಞೆಯಲ್ಲಿರುವವರ ಬಾಯಿಗೆ ಸುರಿದರೆ ಶ್ವಾಸಕ್ಕೆ ಇಳಿಯುತ್ತದೆ. ಪಕ್ಕಕ್ಕೆ ಮಲಗಿಸಿ, ಒಬ್ಬರು ಹತ್ತಿರ ಕೂತು, ಹೊತ್ತು ಕಳೆಯಲು ಬಿಡುವುದೇ ಹೆಚ್ಚಿನ ಸಲ ಸಾಕು. ಎದೆನೋವು, ಎಚ್ಚರಗೊಳ್ಳದ ನಿದ್ದೆ, ತಡೆದು ತಡೆದು ಬರುವ ಉಸಿರು ಕಂಡರೆ 108. ಮಗು ನೆಕ್ಕಿದ್ದು ಗೊತ್ತಾದರೆ ಲಕ್ಷಣಕ್ಕೆ ಕಾಯಬಾರದು, ಬಾಟಲಿ ಸಮೇತ ಆಸ್ಪತ್ರೆಗೆ, ಏನೆಂದು ಮುಚ್ಚಿಡದೆ ಹೇಳಿ. ಸಿಹಿ ಎಣ್ಣೆಯ ವಾಸನೆಯ ಬಾಟಲಿ ಕೀಲಿ ಹಾಕಿದ ಟ್ರಂಕಿನಲ್ಲೇ ಇರಬೇಕು.

ಬಸುರಿ-ಬಾಣಂತಿಯರು, ಇಪ್ಪತ್ತೈದು ತುಂಬದವರು, ತಮಗೋ ಮನೆತನದಲ್ಲೋ ಚಿತ್ತವಿಕಾರದ ಕಾಯಿಲೆ ಇರುವವರು, ಹೃದಯದ ತೊಂದರೆಯವರು ಇದರ ಗೊಡವೆಗೆ ಹೋಗಬಾರದು. ರಕ್ತ ತೆಳು ಮಾಡುವ ವಾರ್ಫರಿನ್, ಅಪಸ್ಮಾರದ ಕ್ಲೊಬಜಾಮ್ ನುಂಗುವವರಲ್ಲಿ ಸಿಬಿಡಿ ಆ ಗುಳಿಗೆಗಳ ಪ್ರಭಾವವನ್ನೇ ಏರಿಸಬಲ್ಲದು. ರಾತ್ರಿ ತಗೊಂಡವರು ಬೆಳಗಿನ ಜಾವದ ಕಬ್ಬಿನ ಟ್ರ್ಯಾಕ್ಟರ್ ಹತ್ತಬಾರದು, ಎರಡು ಟ್ರೇಲರ್ ಎಳೆದುಕೊಂಡಂತೂ ಅಲ್ಲ.

ವೇಪಿನ ಬಗ್ಗೆ ಎರಡೇ ಮಾತು. ಸುಡದೆ ಕಾಯಿಸುವುದರಿಂದ ಟಾರು ಕಡಿಮೆ ಎಂಬುದು ಸೊಪ್ಪನ್ನೇ ಕಾಯಿಸುವ ಉಪಕರಣಕ್ಕೆ ಸರಿ. ಎಣ್ಣೆಯ ಕಾರ್ಟ್ರಿಜ್ಜಿಗೆ ಆ ಮಾತು ಹಚ್ಚಬಾರದು. 2019ರಲ್ಲಿ ಅಮೆರಿಕದಲ್ಲಿ ಶ್ವಾಸಕೋಶ ಕೆಟ್ಟು ಸಾಲಾಗಿ ಆಸ್ಪತ್ರೆ ಸೇರಿದವರ ವಿಷಯದಲ್ಲಿ ಬೊಟ್ಟು ಮಾಡಿದ್ದು ಅಂಥ ಕಾರ್ಟ್ರಿಜ್ಜಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಕಡೆಗೆ. 2020ರ ಫೆಬ್ರವರಿಯ ಹೊತ್ತಿಗೆ ಸತ್ತವರು 68. ಅದೇ ಕಾರಣಕ್ಕೆ ಬಾಯಿಗೆ ಹಾಕುವ ಎಣ್ಣೆಯ ಹನಿಯನ್ನು ಯಾವತ್ತೂ ಕಾಯಿಸಿ ಸೇದಬಾರದು.

ಕೊನೆಗೆ ತಂಬಾಕು. ನಮ್ಮಲ್ಲಿ ಬರೀ ಗಾಂಜಾ ಸೇದುವವರು ಕಡಿಮೆ, ಬೀಡಿಯದೋ ಸಿಗರೇಟಿನದೋ ತಂಬಾಕು ಬೆರೆಸುವುದೇ ರೂಢಿ. ಅವರು ಹನಿಗೆ ಬಂದ ಎರಡು-ಮೂರನೇ ದಿನಕ್ಕೆ ಸಿಡುಕು, ತಲೆನೋವು, ಕೈಗೆ ಏನೋ ಬೇಕೆನ್ನುವ ತಳಮಳ ಶುರುವಾಗುತ್ತದೆ. ಹನಿ ಸಾಲಲಿಲ್ಲ ಎಂದು ಅಳತೆ ಏರಿಸುತ್ತಾರೆ. ಅದರಲ್ಲಿ ಬಹಳಷ್ಟು ನಿಕೋಟಿನ್ನಿನ ಕೊರತೆ, ಬಾಟಲಿಯಲ್ಲಿ ಅದು ಇಲ್ಲವೇ ಇಲ್ಲ. 2 ಮಿ.ಗ್ರಾಂ.ನ ನಿಕೋಟಿನ್ ಗಮ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ತಂಬಾಕು ಬಿಡುವವರ ಸಹಾಯವಾಣಿ 1800-11-2356ಕ್ಕೆ ದುಡ್ಡಿಲ್ಲ. ಗಮ್ಮನ್ನು ಗುಟಕಾದ ಹಾಗೆ ಒಂದೇ ಸಮನೆ ಅಗಿದರೆ ಬಿಕ್ಕಳಿಕೆ, ಹೊಟ್ಟೆ ತೊಳಸುವುದು ಗ್ಯಾರಂಟಿ. ನಾಲ್ಕು ಸಲ ಅಗಿದು, ಬಾಯಿ ಚುರುಗುಟ್ಟಿದ ಕೂಡಲೇ ಕೆನ್ನೆಯ ಮೂಲೆಗೆ ಒತ್ತಿ ಇಟ್ಟುಕೊಂಡು, ಚುರುಚುರು ಹೋದ ಮೇಲೆ ಮತ್ತೆ ನಾಲ್ಕು ಸಲ. ಅರ್ಧ ತಾಸಿಗೆ ಅದರ ಕೆಲಸ ಮುಗಿಯುತ್ತದೆ.